ಲೇಸರ್ ಪ್ರಿಂಟರ್‌ನಲ್ಲಿ ಸಿಕ್ಕಿದ ಹಾಳೆ: ಎಳೆಯುವ ಮುನ್ನ ತಿಳಿಯಬೇಕಾದದ್ದು

ದಾವಣಗೆರೆ: ಮುಂಗಾರು ಕಾಲಿಡುವ ಜೂನ್ ತಿಂಗಳಲ್ಲೇ ಶಾಲಾ ಕಾಲೇಜುಗಳ ಪ್ರವೇಶದ ಗಡಿಬಿಡಿಯೂ ಇರುತ್ತದೆ. ಬೆಳೆ ಸಾಲದ ನವೀಕರಣ, ಮುಂಗಾರು ಬೆಳೆ ವಿಮೆಯ ನೋಂದಣಿಗಳೂ ಹೆಚ್ಚುಕಡಿಮೆ ಅದೇ ಹೊತ್ತಿಗೆ ಬರುತ್ತವೆ. ಜಾತಿ ಹಾಗೂ ಆದಾಯ ಪ್ರಮಾಣಪತ್ರ ಬೇಕಾದ ಪಾಲಕರು, ಪಹಣಿ ಬೇಕಾದ ರೈತರು ನಾಡಕಚೇರಿ ಮತ್ತು ತಾಲ್ಲೂಕು ಕಚೇರಿಗಳ ಕಿಟಕಿಯ ಮುಂದೆ ಸಾಲುಗಟ್ಟುವುದು ಈ ದಿನಗಳಲ್ಲಿ. ಗಾಳಿಯಲ್ಲಿ ತೇವ ಏರಿ ಕಾಗದ ಮೆತ್ತಗಾಗುವುದೂ ಈ ದಿನಗಳಲ್ಲೇ. ಲೇಸರ್ ಪ್ರಿಂಟರ್ ಹಾಳೆಯನ್ನು ಹೊಟ್ಟೆಯಲ್ಲಿ ಹಿಡಿದುಕೊಂಡು ಕೆಂಪು ದೀಪ ಮಿನುಗಿಸಲು ಇದಕ್ಕಿಂತ ಪ್ರಶಸ್ತವಾದ ಕಾಲ ಬೇರೆ ಬೇಕಿಲ್ಲ.

ಕಿಟಕಿಯ ಆಚೆ ಜನ ಕಾಯುತ್ತಿರುವಾಗ ಮುಚ್ಚಳ ತೆರೆದು, ಕಂಡ ಮೂಲೆಯನ್ನು ಹಿಡಿದು ಸೆಳೆಯುವುದು ಸಹಜ. ಅರ್ಧ ಹಾಳೆ ಕೈಗೆ ಬರುತ್ತದೆ, ಉಳಿದರ್ಧ ಒಳಗೇ ಉಳಿಯುತ್ತದೆ. ಐದು ನಿಮಿಷದಲ್ಲಿ ಮುಗಿಯಬೇಕಾದ ಕೆಲಸ ಐದು ದಿನಕ್ಕೆ ಹೋಗುವುದು ಬಹುಪಾಲು ಈ ಒಂದು ಸೆಳೆತದಿಂದ. ಬೆಂಗಳೂರಿನ ದೊಡ್ಡ ಕಚೇರಿಯಲ್ಲಾದರೆ ಪಕ್ಕದ ಮೇಜಿನ ಮೇಲೆ ಮತ್ತೊಂದು ಪ್ರಿಂಟರ್ ಇರುತ್ತದೆ. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರಿನಂಥ ತಾಲ್ಲೂಕು ಕೇಂದ್ರಗಳಲ್ಲಿ ದೊಡ್ಡ ರಿಪೇರಿ ಎಂದರೆ ಸಾಮಾನ್ಯವಾಗಿ ದಾವಣಗೆರೆಯ ಕಡೆಗೋ ಶಿವಮೊಗ್ಗದ ಕಡೆಗೋ ನೋಡಬೇಕಾಗುತ್ತದೆ. ‘ಸರ್ವರ್ ಇಲ್ಲ’ ಎಂಬ ಮಾತಿಗೆ ಒಗ್ಗಿಹೋದ ಜನರಿಗೆ ‘ಪ್ರಿಂಟರ್ ಕೆಟ್ಟಿದೆ’ ಎಂಬುದು ಅದರ ತಮ್ಮನಂತೆ ಕೇಳಿಸುತ್ತದೆ. ಆದರೆ ಸರ್ವರ್ ಸರಿಪಡಿಸುವುದು ಕಿಟಕಿಯ ಹಿಂದೆ ಕುಳಿತವರ ಕೈಯಲ್ಲಿಲ್ಲ. ಸಿಕ್ಕಿದ ಹಾಳೆ ತೆಗೆಯುವುದು ಅವರ ಕೈಯಲ್ಲೇ ಇದೆ.

ಹಾಳೆಯನ್ನೇ ನಂಬಿದ ಆಡಳಿತ

ಕೈಬರಹದ ಪಹಣಿಯ ಕಾಲದಲ್ಲಿ ರೈತರು ಗ್ರಾಮ ಲೆಕ್ಕಿಗರಿಗಾಗಿ ಕಾಯುತ್ತಿದ್ದರು. 2000ದಲ್ಲಿ ಆರಂಭವಾಗಿ 2001ರ ಹೊತ್ತಿಗೆ ರಾಜ್ಯದ ಅಂದಿನ 177 ತಾಲ್ಲೂಕುಗಳಿಗೂ ಹರಡಿದ ‘ಭೂಮಿ’ ಯೋಜನೆ ಸುಮಾರು 67 ಲಕ್ಷ ಹಿಡುವಳಿದಾರರ 2 ಕೋಟಿಯಷ್ಟು ದಾಖಲೆಗಳನ್ನು ಕಂಪ್ಯೂಟರಿಗೆ ತಂದಿತು. ಆರಂಭದಲ್ಲಿ 15 ರೂಪಾಯಿ ಶುಲ್ಕಕ್ಕೆ ತಾಲ್ಲೂಕು ಕಚೇರಿಯ ಕಿಟಕಿಯಲ್ಲೇ ಪಹಣಿ ಸಿಗುವಂತಾಯಿತು. ಕೈಬರಹದ ಪ್ರತಿಗೆ ಮಾನ್ಯತೆ ರದ್ದಾಯಿತು. ಅಂದಿನಿಂದ ರೈತ ಕಾಯುವುದು ಮನುಷ್ಯನಿಗಲ್ಲ, ಯಂತ್ರಕ್ಕೆ. 2012ರಲ್ಲಿ ಬಂದ ಅಟಲ್‌ಜೀ ಜನಸ್ನೇಹಿ ಕೇಂದ್ರಗಳು ಜಾತಿ, ಆದಾಯ, ವಾಸಸ್ಥಳ ಪ್ರಮಾಣಪತ್ರಗಳನ್ನು ಹೋಬಳಿ ಮಟ್ಟಕ್ಕೆ ಕೊಂಡೊಯ್ದವು. ಅವುಗಳ ಜೊತೆ ಪ್ರಿಂಟರ್ ಕೂಡ ಹೋಬಳಿಗೆ ಹೋಯಿತು.

ಈ ನಾಲ್ಕು ಊರುಗಳ ಆಡಳಿತದ ಚರಿತ್ರೆಯೂ ಗಮನಾರ್ಹ. 1997ರಲ್ಲಿ ದಾವಣಗೆರೆ ಜಿಲ್ಲೆ ರಚನೆಯಾಗುವವರೆಗೆ ಚನ್ನಗಿರಿ, ಹೊನ್ನಾಳಿಗಳು ಶಿವಮೊಗ್ಗಕ್ಕೂ ಜಗಳೂರು ಚಿತ್ರದುರ್ಗಕ್ಕೂ ಸೇರಿದ್ದವು. ಹೊನ್ನಾಳಿಯ ಭಾಗವಾಗಿದ್ದ ನ್ಯಾಮತಿ 2018ರಲ್ಲಿ ಪ್ರತ್ಯೇಕ ತಾಲ್ಲೂಕಾಯಿತು. ಹೊಸ ತಾಲ್ಲೂಕು ಎಂದರೆ ಕಾಗದವನ್ನು ಹತ್ತಿರದಲ್ಲೇ ಪಡೆಯುವ ಭರವಸೆ. ಆ ಭರವಸೆಯನ್ನು ಕೊನೆಯ ಗಳಿಗೆಯಲ್ಲಿ ಉಳಿಸುವುದೋ ಕೆಡಿಸುವುದೋ ಮೇಜಿನ ಮೇಲಿನ ಪೆಟ್ಟಿಗೆಯೇ. ಪಹಣಿಯನ್ನು ಇಂದು ಅಂತರಜಾಲದಲ್ಲೇ ಪಡೆಯಬಹುದು ಎಂಬುದು ನಿಜ. ಆದರೂ ಬ್ಯಾಂಕು, ಸಹಕಾರ ಸಂಘ, ವಕೀಲರ ಕಡತಗಳಿಗೆ ಕೊನೆಗೆ ಸೇರುವುದು ಕಾಗದವೇ ಆದ್ದರಿಂದ ಕಚೇರಿಯ ಪ್ರಿಂಟರ್ ಬದಲಿಗೆ ಪೇಟೆಯ ಸೈಬರ್ ಅಂಗಡಿಯ ಪ್ರಿಂಟರ್ ದುಡಿಯುತ್ತದೆ, ಅಷ್ಟೆ. ಹಾಳೆ ಅಲ್ಲೂ ಸಿಕ್ಕಿಕೊಳ್ಳುತ್ತದೆ.

ಹಾಳೆಯ ಹಾದಿ

ಸಿಕ್ಕಿದ ಹಾಳೆಯನ್ನು ಸರಿಯಾಗಿ ತೆಗೆಯಬೇಕಾದರೆ ಅದು ಸಾಗುವ ಹಾದಿಯನ್ನು ಒಮ್ಮೆ ತಿಳಿದಿರಬೇಕು. ಟ್ರೇಯ ಮೇಲಿನ ಹಾಳೆಯನ್ನು ರಬ್ಬರ್ ಹೊದಿಕೆಯ ಪಿಕಪ್ ರೋಲರ್ ಮುಂದಕ್ಕೆ ತಳ್ಳುತ್ತದೆ. ಅದರ ಎದುರಿಗಿರುವ ಸಪರೇಶನ್ ಪ್ಯಾಡ್ ಎಂಬ ಸಣ್ಣ ಬಿಲ್ಲೆ, ಕೆಳಗಿನ ಹಾಳೆ ಜೊತೆಗೆ ಹೊರಡದಂತೆ ತಡೆಯುತ್ತದೆ. ಅಲ್ಲಿಂದ ಹಾಳೆ ಟೋನರ್ ಕಾರ್ಟ್ರಿಜ್‌ನ ಅಡಿಗೆ ಹೋಗುತ್ತದೆ. ಕಾರ್ಟ್ರಿಜ್‌ನಲ್ಲಿರುವ ಡ್ರಮ್ಮಿನ ಮೇಲೆ ಲೇಸರ್ ಕಿರಣ ಅಕ್ಷರಗಳ ವಿದ್ಯುತ್ ಚಿತ್ರವನ್ನು ಬರೆದಿರುತ್ತದೆ. ಆ ಜಾಗಕ್ಕೆ ಮಾತ್ರ ಟೋನರ್ ಪುಡಿ ಅಂಟಿರುತ್ತದೆ. ಅಡಿಯಲ್ಲಿರುವ ಕಪ್ಪು ಸ್ಪಂಜಿನಂಥ ಟ್ರಾನ್ಸ್‌ಫರ್ ರೋಲರ್ ಆ ಪುಡಿಯನ್ನು ಹಾಳೆಯ ಮೇಲೆ ಸೆಳೆದುಕೊಳ್ಳುತ್ತದೆ. ಈ ಹಂತದಲ್ಲಿ ಅಕ್ಷರ ಇನ್ನೂ ಬರಿಯ ಪುಡಿ. ಊದಿದರೆ ಹಾರುತ್ತದೆ, ಬೆರಳಾಡಿಸಿದರೆ ಅಳಿಸುತ್ತದೆ. ಮುಂದಿನ ಘಟ್ಟವಾದ ಫ್ಯೂಸರ್‌ನಲ್ಲಿ ಸುಮಾರು 200 ಡಿಗ್ರಿ ಸೆಲ್ಸಿಯಸ್ ಶಾಖ ಮತ್ತು ಒತ್ತಡ ಸೇರಿ ಪ್ಲಾಸ್ಟಿಕ್ ಅಂಶವುಳ್ಳ ಆ ಪುಡಿ ಕರಗಿ ಕಾಗದದ ನಾರಿಗೆ ಕಚ್ಚಿಕೊಳ್ಳುತ್ತದೆ. ಹೊರಗೆ ಬರುವ ಹಾಳೆ ಬೆಚ್ಚಗಿರುವುದು ಇದರಿಂದ.

ಹಾದಿಯುದ್ದಕ್ಕೂ ಸಣ್ಣ ಪ್ಲಾಸ್ಟಿಕ್ ಸನ್ನೆಗಳಿರುತ್ತವೆ. ಹಾಳೆಯ ಅಂಚು ತಾಗಿದಾಗ ಸನ್ನೆ ಬಾಗುತ್ತದೆ, ಬಾಲ ದಾಟಿದಾಗ ಮೇಲೇಳುತ್ತದೆ. ಅದರ ಹಿಂದಿನ ಸೆನ್ಸರ್ ಇದನ್ನು ಓದುತ್ತದೆ. ನಿಮಿಷಕ್ಕೆ 20 ಪುಟ ಮುದ್ರಿಸುವ ಯಂತ್ರದಲ್ಲಿ ಮೂರು ಸೆಕೆಂಡಿಗೊಂದು ಹಾಳೆ ಹೊರಬೀಳಬೇಕು. ಹೀಗಾಗಿ ಅಂಚು ನಿಗದಿತ ಕ್ಷಣಕ್ಕೆ ಸನ್ನೆಯನ್ನು ಮುಟ್ಟದಿದ್ದರೆ, ಮುಟ್ಟಿದ್ದು ಹೊತ್ತಿಗೆ ಸರಿಯಾಗಿ ದಾಟದಿದ್ದರೆ ಯಂತ್ರ ಎಲ್ಲವನ್ನೂ ನಿಲ್ಲಿಸಿಬಿಡುತ್ತದೆ. ಯಂತ್ರದ ಭಾಷೆಯಲ್ಲಿ ಪೇಪರ್ ಜಾಮ್ ಎಂದರೆ ‘ಹಾಳೆ ತಡವಾಯಿತು’ ಎಂದಷ್ಟೇ ಅರ್ಥ. ಯಾಕೆ ತಡವಾಯಿತು ಎಂಬುದು ಅದಕ್ಕೆ ತಿಳಿಯದು. ಅದನ್ನು ತಿಳಿಯಬೇಕಾದವರು ಮುಚ್ಚಳ ತೆರೆಯುವವರು.

ಹಳೆಯ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರ್ ಕಂಡವರಿಗೆ ಇದರ ಸೂಕ್ಷ್ಮ ಬೇಗ ಅರ್ಥವಾಗುತ್ತದೆ. ಅಲ್ಲಿ ಕಾಗದದ ಎರಡೂ ಅಂಚಿನ ತೂತುಗಳಿಗೆ ಹಲ್ಲುಗಳು ಕಚ್ಚಿ ಎಳೆಯುತ್ತಿದ್ದವು. ಕಾಗದ ಜಾರುವ ಪ್ರಶ್ನೆಯೇ ಇರಲಿಲ್ಲ. ಲೇಸರ್ ಪ್ರಿಂಟರ್‌ನಲ್ಲಿ ಹಾಳೆ ಮುಂದೆ ಹೋಗುವುದು ರಬ್ಬರಿನ ಹಿಡಿತದಿಂದ ಮಾತ್ರ. ಆದ್ದರಿಂದ ಕಾಗದ ಮೆತ್ತಗಾದರೂ ತೊಂದರೆ, ರಬ್ಬರ್ ನುಣುಪಾದರೂ ತೊಂದರೆ.

ತೆಗೆಯುವ ಕ್ರಮ

ಮೊದಲ ಕೆಲಸ ಕೈ ಹಾಕುವುದಲ್ಲ, ಹಾಳೆ ಎಲ್ಲಿ ನಿಂತಿದೆ ಎಂದು ನೋಡುವುದು. ಟ್ರೇಯ ಬಾಯಲ್ಲಿ ಮುದುಡಿ ನಿಂತಿದ್ದರೆ ಅದು ಅತಿ ಸುಲಭದ ಪ್ರಕರಣ: ಟ್ರೇಯನ್ನು ನಿಧಾನವಾಗಿ ಹೊರತೆಗೆದು, ಹಾಳೆಯನ್ನು ಎರಡೂ ಕೈಗಳಿಂದ ನೇರವಾಗಿ ಬಿಡಿಸಿಕೊಂಡರಾಯಿತು. ಟ್ರೇಯನ್ನು ಝಾಡಿಸಿ ಎಳೆಯಬಾರದು. ಹಾಳೆಯ ಮುಂಭಾಗ ರೋಲರ್‌ನ ಹಿಡಿತದಲ್ಲಿದ್ದು ಬಾಲ ಟ್ರೇಯಲ್ಲಿದ್ದರೆ, ಟ್ರೇ ಹೊರಬರುವಾಗಲೇ ಹಾಳೆ ಎರಡಾಗುತ್ತದೆ.

ಕಾರ್ಟ್ರಿಜ್‌ನ ಅಡಿಯಲ್ಲಿ ನಿಂತಿದ್ದರೆ ಮುಂಬದಿಯ ಮುಚ್ಚಳ ತೆರೆದು ಕಾರ್ಟ್ರಿಜ್ ಹೊರತೆಗೆಯಬೇಕಾಗುತ್ತದೆ. ಅದರ ಹಸಿರು ಅಥವಾ ನೀಲಿ ಬಣ್ಣದ ನುಣುಪಾದ ಉರುಳೆಯೇ ಡ್ರಮ್. ಅದನ್ನು ಮುಟ್ಟಬಾರದು, ಬೆಳಕಿಗೆ ಒಡ್ಡಬಾರದು. ಕಿಟಕಿಯ ಬಿಸಿಲಿಗೆ ಎದುರಾಗಿ ಇಟ್ಟ ಡ್ರಮ್ ಆಮೇಲೆ ಪ್ರತಿ ಪುಟದಲ್ಲೂ ಕಲೆ ತೋರಿಸಬಹುದು. ಮೇಜಿನ ಮೇಲೆ ಹಳೆಯ ಪತ್ರಿಕೆ ಹಾಸಿ, ಅದರ ಮೇಲೆ ಕಾರ್ಟ್ರಿಜ್ ಇಟ್ಟು, ಇನ್ನೊಂದು ಪತ್ರಿಕೆಯಿಂದ ಮುಚ್ಚಿದರೆ ಸಾಕು. ಒಳಗೆ ಕಾಣುವ ಸ್ಪಂಜಿನ ಟ್ರಾನ್ಸ್‌ಫರ್ ರೋಲರ್‌ಗೂ ಬೆರಳು ತಾಗಬಾರದು. ಚರ್ಮದ ಜಿಡ್ಡು ಅಂಟಿದ ಜಾಗದಲ್ಲಿ ಅಕ್ಷರ ಮಂಕಾಗುತ್ತದೆ. ಇನ್ನು ಹಾಳೆಯನ್ನು ಎರಡೂ ಅಂಚುಗಳಲ್ಲಿ ಸಮನಾಗಿ ಹಿಡಿದು, ಓರೆಯಾಗದಂತೆ, ಒಂದೇ ಹದದಲ್ಲಿ ಎಳೆಯಬೇಕು. ಒಂದು ಮೂಲೆ ಹಿಡಿದು ಎಳೆದ ಹಾಳೆ ಹರಿಯುತ್ತದೆ. ಅಗಲಕ್ಕೆ ಹಿಡಿದು ಎಳೆದ ಹಾಳೆ ಬರುತ್ತದೆ. ಒದ್ದೆಯಾದ ಪಂಚೆಯನ್ನು ಮುಳ್ಳಿನಿಂದ ಬಿಡಿಸುವವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ.

ಸಾಧ್ಯವಿದ್ದಲ್ಲೆಲ್ಲ ಹಾಳೆ ಸಾಗುತ್ತಿದ್ದ ದಿಕ್ಕಿಗೇ ಎಳೆಯುವುದು ಒಳ್ಳೆಯದು. ಹಿಂದಕ್ಕೆ ಎಳೆದರೆ ಗೇರುಗಳ ಮೇಲೆ ಒತ್ತಡ ಬೀಳುತ್ತದೆ, ಇನ್ನೂ ಕಚ್ಚಿಕೊಳ್ಳದ ಟೋನರ್ ಪುಡಿ ರೋಲರ್‌ಗಳಿಗೆ ಮೆತ್ತಿಕೊಳ್ಳುತ್ತದೆ. ಜಾಮ್ ತೆಗೆದ ನಂತರದ ಮೂರ್ನಾಲ್ಕು ಪುಟಗಳ ಹಿಂಬದಿಯಲ್ಲಿ ಕಾಣುವ ಕಪ್ಪು ಮಸಿ ಈ ಪುಡಿಯೇ. ಒಂದಷ್ಟು ಖಾಲಿ ಹಾಳೆ ಓಡಿಸಿದರೆ ಹೋಗುತ್ತದೆ. ಪ್ರಮಾಣಪತ್ರವನ್ನೇ ಮೊದಲು ಓಡಿಸಿ ಅದಕ್ಕೆ ಮಸಿ ಬಳಿಯುವುದು ಬೇಡ.

ಫ್ಯೂಸರ್‌ನಲ್ಲಿ ಸಿಕ್ಕ ಹಾಳೆ ಎಲ್ಲಕ್ಕಿಂತ ಕಷ್ಟದ್ದು. ಇಲ್ಲಿ ಹಾಳೆ ಬೀಸಣಿಗೆಯಂತೆ ಮಡಿಕೆ ಬಿದ್ದು ಕುಳಿತಿರುತ್ತದೆ. ಸ್ವಿಚ್ ಆರಿಸಿ, ವಿದ್ಯುತ್ ತಂತಿಯನ್ನು ಗೋಡೆಯಿಂದ ಕಿತ್ತು, ಅರ್ಧ ಗಂಟೆಯಾದರೂ ಆರಲು ಬಿಡಬೇಕು. ಸರತಿಯಲ್ಲಿ ನಿಂತವರಿಗೆ ಈ ಅರ್ಧ ಗಂಟೆ ದೀರ್ಘವೆನಿಸುತ್ತದೆ. ಆದರೆ ಸುಟ್ಟ ಬೆರಳಿಗಿಂತ, ಕೆಟ್ಟ ಫ್ಯೂಸರ್‌ಗಿಂತ ಅದು ಅಗ್ಗ. ಬಳಿಕ ಹಿಂಬದಿಯ ಬಾಗಿಲು ತೆರೆದರೆ ಅನೇಕ ಮಾದರಿಗಳಲ್ಲಿ ಎರಡೂ ಬದಿ ಹಸಿರು ಅಥವಾ ನೀಲಿ ಬಣ್ಣದ ಸಣ್ಣ ಸನ್ನೆಗೋಲುಗಳು ಕಾಣುತ್ತವೆ. ಅವನ್ನು ಒತ್ತಿದರೆ ರೋಲರ್‌ಗಳ ಹಿಡಿತ ಸಡಿಲವಾಗಿ, ಬಿಗಿಯಾಗಿ ಕುಳಿತ ಹಾಳೆ ಸುಲಭವಾಗಿ ಜಾರುತ್ತದೆ. ಪ್ರಿಂಟರ್‌ನ ಒಳಗೆ ಈ ಬಣ್ಣಗಳಿಂದ ಗುರುತಿಸಿದ ಭಾಗಗಳು ಬಳಕೆದಾರರು ಮುಟ್ಟಬಹುದಾದವು ಎಂಬುದು ಬಹುತೇಕ ಕಂಪನಿಗಳ ರೂಢಿ. ವರ್ಷಗಟ್ಟಲೆ ಪ್ರಿಂಟರ್ ಬಳಸಿದವರಲ್ಲೂ ಈ ಸನ್ನೆಗೋಲುಗಳನ್ನು ಕಾಣದವರು ಹಲವರಿದ್ದಾರೆ.

ಕತ್ತರಿ, ಸ್ಕ್ರೂಡ್ರೈವರ್, ಚಾಕು, ಹ್ಯಾಕ್ಸಾ ಬ್ಲೇಡು ಇವು ಯಾವುವೂ ಒಳಗೆ ಹೋಗಕೂಡದು. ಸಣ್ಣ ಕಚೇರಿ ಪ್ರಿಂಟರ್‌ಗಳ ಫ್ಯೂಸರ್‌ನಲ್ಲಿ ಇರುವುದು ತೆಳುವಾದ ಹೊದಿಕೆಯ ಒಂದು ಕೊಳವೆ. ಲೋಹದ ತುದಿ ತಾಗಿ ಒಂದು ಗೀರು ಬಿದ್ದರೆ ಆ ಗೀರು ಅಲ್ಲಿಂದ ಮುಂದೆ ಪ್ರತಿ ಪುಟದಲ್ಲೂ ಮುದ್ರೆಯೊತ್ತುತ್ತದೆ. ಗೀರು ಹರಿದರೆ ಘಟಕವನ್ನೇ ಬದಲಿಸಬೇಕು. ಎರಡು ರೂಪಾಯಿಯೂ ಬಾಳದ ಹಾಳೆಯನ್ನು ಹೊರತೆಗೆಯಲು ಹೋಗಿ ಸಾವಿರಾರು ರೂಪಾಯಿಯ ಭಾಗವನ್ನು ಕೆಡಿಸುವ ದಾರಿ ಇದು.

ಟೋನರ್ ಪುಡಿ ಬಟ್ಟೆಗೋ ಕೈಗೋ ಚೆಲ್ಲಿದರೆ ಒಣ ಬಟ್ಟೆಯಿಂದ ಕೊಡವಿ ತಣ್ಣೀರಿನಿಂದಲೇ ತೊಳೆಯಬೇಕು. ಬಿಸಿನೀರು ಹಾಕಿದರೆ ಫ್ಯೂಸರ್ ಮಾಡುವ ಕೆಲಸವನ್ನೇ ಮಾಡಿದಂತಾಗುತ್ತದೆ. ಮನೆಯ ವ್ಯಾಕ್ಯೂಮ್ ಕ್ಲೀನರ್‌ನಿಂದ ಪುಡಿ ಹೀರಿಸುವುದೂ ಸಲ್ಲ. ಅದರ ಜರಡಿಗಿಂತ ಈ ಪುಡಿ ನವಿರು, ಹಿಂಬದಿಯಿಂದ ಕೋಣೆಗೆ ಹರಡುತ್ತದೆ.

ಕಾಣದ ಚೂರಿನ ಕಾಟ

ಹಾಳೆ ತೆಗೆದಾಯಿತು, ಮುಚ್ಚಳ ಹಾಕಿದರೂ ದೀಪ ಆರದು. ಇಂಥಲ್ಲಿ ಹೊರಬಂದ ಹಾಳೆಯನ್ನು ಮೇಜಿನ ಮೇಲೆ ಹರಡಿ ನಾಲ್ಕೂ ಮೂಲೆಗಳನ್ನು ಎಣಿಸುವುದು ಉತ್ತಮ. 210 ಮಿ.ಮೀ ಅಗಲ, 297 ಮಿ.ಮೀ ಉದ್ದದ ಎ4 ಹಾಳೆ ಪೂರ್ತಿ ಬಂದಿದೆಯೇ? ಒಂದು ಮೂಲೆ ಕಡಿಮೆಯಿದ್ದರೆ ಅದು ಒಳಗಿದೆ, ಬಹುಶಃ ಯಾವುದೋ ಸನ್ನೆಯನ್ನು ಒತ್ತಿಕೊಂಡು ಕುಳಿತಿದೆ. ಸನ್ನೆ ಬಾಗಿರುವವರೆಗೆ ಯಂತ್ರದ ಪಾಲಿಗೆ ಹಾಳೆ ಅಲ್ಲೇ ಇದೆ. ಟಾರ್ಚ್ ಹಿಡಿದು ನೋಡಿ, ಆ ಚೂರನ್ನು ಬೆರಳಿನಿಂದಲೋ ಪ್ಲಾಸ್ಟಿಕ್ ಚಿಮಟದಿಂದಲೋ ತೆಗೆದರೆ ತೀರಿತು. ಚೂರೇ ಇಲ್ಲದೆಯೂ ದೂರು ನಿಲ್ಲದಿದ್ದರೆ ಸನ್ನೆ ಮುರಿದಿದೆ ಅಥವಾ ಅದರ ಸ್ಪ್ರಿಂಗ್ ಜಾರಿದೆ ಎಂದೇ ತಿಳಿಯಬೇಕು; ಅದು ತಂತ್ರಜ್ಞರ ಕೆಲಸ.

ಜಾಮ್ ಆದೊಡನೆ ಕಂಪ್ಯೂಟರಿನಲ್ಲಿ ಮತ್ತೆ ಮತ್ತೆ ‘ಪ್ರಿಂಟ್’ ಒತ್ತುವ ಅಭ್ಯಾಸ ಇನ್ನೊಂದು ಗೋಜಲು. ಅನೇಕ ಪ್ರಿಂಟರ್‌ಗಳು ಪುಟ ಸುರಕ್ಷಿತವಾಗಿ ಹೊರಬೀಳುವವರೆಗೆ ಅದನ್ನು ನೆನಪಿನಲ್ಲಿಟ್ಟುಕೊಂಡು, ದಾರಿ ತೆರವಾದೊಡನೆ ತಾವಾಗಿಯೇ ಮರುಮುದ್ರಿಸುತ್ತವೆ. ಆತುರಕ್ಕೆ ನಾಲ್ಕು ಬಾರಿ ಒತ್ತಿದವರಿಗೆ ಒಂದೇ ಆರ್‌ಡಿ ಸಂಖ್ಯೆಯ ಐದು ಪ್ರಮಾಣಪತ್ರಗಳು ಬರುತ್ತವೆ. ಅರ್ಧ ಮುದ್ರಿತವಾಗಿ ಮುದುಡಿದ ಪ್ರತಿಯನ್ನೂ ಹೆಚ್ಚುವರಿ ಪ್ರತಿಗಳನ್ನೂ ಹರಿದು ನಾಶಪಡಿಸುವುದು ಕಚೇರಿಯ ಹೊಣೆ. ಹೆಸರು, ವಿಳಾಸ, ಆದಾಯದ ವಿವರಗಳಿರುವ ಹಾಳೆ ರದ್ದಿಗೆ ಸೇರಿ, ಸಂಜೆ ಮಂಡಕ್ಕಿ ಕಟ್ಟುವ ಕಾಗದವಾಗಿ ಪೇಟೆಗೆ ಮರಳುವುದು ಈ ಸೀಮೆಯಲ್ಲಿ ಕಲ್ಪನೆಗೆ ಮೀರಿದ್ದೇನಲ್ಲ.

ಪೇಪರ್ ಜಾಮ್ ಎಂಬ ಈ ಕ್ಷುಲ್ಲಕ ಸಂಗತಿ ಕಂಪ್ಯೂಟರ್ ಚರಿತ್ರೆಯ ಒಂದು ತಿರುವಿಗೂ ಕಾರಣವಾಗಿದೆ. ಅಮೆರಿಕದ ಎಂಐಟಿಯ ಕೃತಕ ಬುದ್ಧಿಮತ್ತೆ ಪ್ರಯೋಗಾಲಯದಲ್ಲಿ ರಿಚರ್ಡ್ ಸ್ಟಾಲ್‌ಮನ್ ಹಳೆಯ ಪ್ರಿಂಟರ್‌ನ ತಂತ್ರಾಂಶವನ್ನು ತಿದ್ದಿ, ಹಾಳೆ ಸಿಕ್ಕಿಕೊಂಡಾಗ ಕಾಯುತ್ತಿರುವವರ ಪರದೆಗೆ ಸೂಚನೆ ಹೋಗುವಂತೆ ಮಾಡಿದ್ದರು. 1980ರ ಸುಮಾರಿಗೆ ಜೆರಾಕ್ಸ್ ಕಂಪನಿಯ ಹೊಸ ಲೇಸರ್ ಪ್ರಿಂಟರ್ ಬಂದಾಗ ಅದರ ಮೂಲ ಸಂಕೇತ ಅವರಿಗೆ ದೊರೆಯಲಿಲ್ಲ. ಪ್ರಿಂಟರ್ ಬೇರೆ ಮಹಡಿಯಲ್ಲಿತ್ತು. ಹಾಳೆ ಸಿಕ್ಕಿಕೊಂಡು ಗಂಟೆಗಳಾದರೂ ಯಾರಿಗೂ ತಿಳಿಯುತ್ತಿರಲಿಲ್ಲ. ಆ ಬೇಸರದ ಅನುಭವವನ್ನು ಸ್ಟಾಲ್‌ಮನ್ ಮುಂದೆ ಹಲವು ಬಾರಿ ಹೇಳಿಕೊಂಡಿದ್ದಾರೆ. 1983ರಲ್ಲಿ ಅವರು ಘೋಷಿಸಿದ ಗ್ನೂ ಯೋಜನೆಯೇ ಮುಕ್ತ ತಂತ್ರಾಂಶ ಚಳವಳಿಗೆ ಬುನಾದಿಯಾಯಿತು.

ಚನ್ನಗಿರಿಯ ತೇವ, ಜಗಳೂರಿನ ಒಣಗಾಳಿ

ಒಂದೇ ಜಿಲ್ಲೆಯಾದರೂ ನಾಲ್ಕು ತಾಲ್ಲೂಕುಗಳ ಹವೆ ಒಂದೇ ಅಲ್ಲ. ನ್ಯಾಮತಿ, ಚನ್ನಗಿರಿಗಳ ಪಶ್ಚಿಮ ಭಾಗ ಮಲೆನಾಡಿನ ಅಂಚಿಗೆ ಹತ್ತಿರ. ಹೊನ್ನಾಳಿ ತುಂಗಭದ್ರೆಯ ದಡದ ಊರು. ಭದ್ರಾ ನಾಲೆಯ ನೀರು, ಗದ್ದೆ, ಅಡಿಕೆ ತೋಟ ಈ ಸೀಮೆಯ ಲಕ್ಷಣ. ಜಿಲ್ಲೆಯ ಪೂರ್ವದ ಅಂಚಿನ ಜಗಳೂರು ಬರಪೀಡಿತ ತಾಲ್ಲೂಕುಗಳ ಪಟ್ಟಿಯಲ್ಲಿ ಪದೇ ಪದೇ ಕಾಣುವ ಹೆಸರು. ಎರಡೂ ಕಡೆ ಪ್ರಿಂಟರ್ ಕೆಡುತ್ತದೆ, ಆದರೆ ಬೇರೆ ಬೇರೆ ರೀತಿಯಲ್ಲಿ.

ಕಾಗದ ಎಂದರೆ ಸಸ್ಯದ ನಾರು. ಕಾರ್ಖಾನೆಯಿಂದ ಹೊರಡುವಾಗ ಅದರಲ್ಲಿ ತೂಕದ ಸುಮಾರು ಶೇ 5ರಷ್ಟು ತೇವ ಇರುತ್ತದೆ. ಕಟ್ಟು ಬಿಚ್ಚಿಟ್ಟರೆ ಅದು ಸುತ್ತಲಿನ ಗಾಳಿಯೊಡನೆ ಕೊಡು ಕೊಳ್ಳುವಿಕೆ ಆರಂಭಿಸುತ್ತದೆ. ಚೆನ್ನಾಗಿ ಒಣಗಿಸಿದ ಅಡಿಕೆಯೂ ಮಳೆಗಾಲದಲ್ಲಿ ತೇವ ಹೀರಿ ಬೂಸ್ಟು ಹಿಡಿಯುವುದನ್ನು ಬಲ್ಲ ಚನ್ನಗಿರಿಯ ಬೆಳೆಗಾರರು ಅಡಿಕೆಯ ಚೀಲವನ್ನು ಬಾಯಿ ತೆರೆದು ಇಡುವುದಿಲ್ಲ. ಕಾಗದಕ್ಕೆ ಮಾತ್ರ ಈ ಮರ್ಯಾದೆ ಸಿಗುವುದು ಕಡಿಮೆ. ಶನಿವಾರ ಟ್ರೇಗೆ ತುಂಬಿದ ಕಾಗದ ಸೋಮವಾರದ ಹೊತ್ತಿಗೆ ಅಂಚಿನಿಂದ ತೇವ ಹೀರಿ ಅಲೆಯಲೆಯಾಗಿರುತ್ತದೆ. ಮೆತ್ತಗಾದ ಹಾಳೆ ರೋಲರ್‌ನ ತಳ್ಳಿಗೆ ನೇರವಾಗಿ ಹೋಗದೆ ಬಾಗುತ್ತದೆ. ಫ್ಯೂಸರ್‌ಗೆ ಹೊಕ್ಕಾಗ ಒಂದು ಬದಿಯ ತೇವ ಥಟ್ಟನೆ ಆರಿ ಹಾಳೆ ಸುರುಳಿಗಟ್ಟುತ್ತದೆ. ಮಳೆಗಾಲದಲ್ಲಿ ಪ್ರಿಂಟರ್‌ನ ಬಾಯಿಂದ ಬಿಳಿ ಹೊಗೆ ಬಂದಂತೆ ಕಾಣುವುದು ಬಹುತೇಕ ಬೆಂಕಿಯಲ್ಲ, ಕಾಗದದ ತೇವ ಆವಿಯಾಗುವ ಬಗೆ. ಸುಟ್ಟ ವಾಸನೆ ಇಲ್ಲದಿದ್ದರೆ ಗಾಬರಿ ಬೇಡ. ಕಾಗದದ ಕಟ್ಟು ಬದಲಿಸಿದರೆ ಸಾಕು.

ಪರಿಹಾರ ಕಷ್ಟದ್ದಲ್ಲ. ಬೇಕಾದಷ್ಟೇ ಕಾಗದ ಬಿಚ್ಚುವುದು, ಉಳಿದದ್ದನ್ನು ಅದರ ಮೇಣದ ಹೊದಿಕೆಯಲ್ಲೇ ಸುತ್ತಿ ಬೀರುವಿನಲ್ಲಿಡುವುದು, ನೆಲಕ್ಕೂ ಹೊರಗೋಡೆಗೂ ತಾಗಿಸದಿರುವುದು, ರಜೆಯ ಮುನ್ನಾ ದಿನ ಟ್ರೇ ಖಾಲಿ ಮಾಡುವುದು. ಕಾಗದದ ಕಟ್ಟನ್ನು ಹೊಸ ಕೋಣೆಗೆ ತಂದೊಡನೆ ಬಿಚ್ಚದೆ ಒಂದು ದಿನ ಅಲ್ಲಿನ ಹವೆಗೆ ಒಗ್ಗಲು ಬಿಡುವುದೂ ಒಳ್ಳೆಯ ರೂಢಿ. ಚನ್ನಗಿರಿಯ ನೆರೆಯ ಭದ್ರಾವತಿಯಲ್ಲಿ 1936ರಲ್ಲಿ ಸ್ಥಾಪನೆಯಾದ ಮೈಸೂರು ಕಾಗದ ಕಾರ್ಖಾನೆ 2010ರ ದಶಕದ ಮಧ್ಯದಲ್ಲಿ ಉತ್ಪಾದನೆ ನಿಲ್ಲಿಸಿತು. ಕಾಗದದ ಗುಣ ಬಲ್ಲ ಸೀಮೆಯಲ್ಲೇ ಇಂದು ಕಾಗದ ಹೊರಗಿನಿಂದ ಬರುತ್ತದೆ.

ಜಗಳೂರಿನ ಬೇಸಿಗೆಯ ಕಥೆ ಬೇರೆ. ಒಣಗಾಳಿಯಲ್ಲಿ ಹಾಳೆಗಳ ನಡುವೆ ಸ್ಥಾಯಿ ವಿದ್ಯುತ್ ಕೂಡಿಕೊಂಡು ಎರಡು ಮೂರು ಹಾಳೆ ಒಂದಕ್ಕೊಂದು ಅಂಟಿ ಒಟ್ಟಿಗೇ ಹೊರಡುತ್ತವೆ. ಟ್ರೇಗೆ ಹಾಕುವ ಮುನ್ನ ಕಟ್ಟನ್ನು ಎರಡೂ ಕೈಗಳಲ್ಲಿ ಹಿಡಿದು ಒಮ್ಮೆ ಆಚೆಗೆ ಒಮ್ಮೆ ಈಚೆಗೆ ಬಾಗಿಸಿ, ಅಂಚುಗಳನ್ನು ಮೇಜಿಗೆ ಕುಟ್ಟಿ ಸಮ ಮಾಡಿದರೆ ಹಾಳೆಗಳು ಬಿಡಿಬಿಡಿಯಾಗುತ್ತವೆ. ಧೂಳು ಇನ್ನೊಂದು ಶತ್ರು: ಪಿಕಪ್ ರೋಲರ್‌ನ ರಬ್ಬರಿನ ಮೇಲೆ ಕಾಗದದ ಹುಡಿಯೂ ಮಣ್ಣಿನ ಧೂಳೂ ಕೂತು ಅದು ನುಣುಪಾಗುತ್ತದೆ. ನಾರು ಬಿಡದ ಬಟ್ಟೆಯನ್ನು ನೀರಿನಲ್ಲಿ ಅದ್ದಿ, ಚೆನ್ನಾಗಿ ಹಿಂಡಿ ಒರೆಸಿದರೆ ಹಿಡಿತ ಮರಳುತ್ತದೆ. ರಾತ್ರಿ ಪ್ರಿಂಟರ್ ಮೇಲೊಂದು ಬಟ್ಟೆ ಹೊದಿಸುವುದಕ್ಕೆ ಸರ್ಕಾರಿ ಆದೇಶದ ಅಗತ್ಯವೇನೂ ಇಲ್ಲ. ಆದರೆ ಯಂತ್ರ ಪೂರ್ತಿ ತಣಿದ ಮೇಲೆ ಮಾತ್ರ ಹೊದಿಸಬೇಕು.

ಉಳಿತಾಯದ ಹೆಸರಿನಲ್ಲಿ

ಒಂದು ಬದಿ ಖಾಲಿಯಿರುವ ಹಳೆಯ ಹಾಳೆಗಳನ್ನು ಮತ್ತೆ ಟ್ರೇಗೆ ಹಾಕುವುದು ಕಚೇರಿಗಳಲ್ಲಿ ಮೆಚ್ಚುಗೆ ಪಡೆಯುವ ಮಿತವ್ಯಯ. ಪ್ರಿಂಟರ್‌ನ ದೃಷ್ಟಿಯಿಂದ ಇದು ಕೆಟ್ಟ ಲೆಕ್ಕ. ಒಮ್ಮೆ ಫ್ಯೂಸರ್ ಕಂಡ ಹಾಳೆ ಆಗಲೇ ಬಾಗಿರುತ್ತದೆ. ಅದರ ಹಿಂಬದಿಯ ಟೋನರ್ ಎರಡನೆಯ ಸಲದ ಶಾಖಕ್ಕೆ ಮೆತ್ತಗಾಗಿ ರೋಲರ್‌ಗೆ ಅಂಟಬಹುದು. ಎಲ್ಲಕ್ಕಿಂತ ಮಿಗಿಲಾಗಿ ಕಡತದಿಂದ ಕಿತ್ತ ಹಾಳೆಯಲ್ಲಿ ಸ್ಟೇಪಲ್ ಪಿನ್ನಿನ ಒಂದು ಕಾಲು ಉಳಿದಿದ್ದರೆ ಡ್ರಮ್ಮಿಗೂ ಫ್ಯೂಸರ್‌ಗೂ ಗೀರು ತಪ್ಪಿದ್ದಲ್ಲ. ಅಂಥ ಹಾಳೆಗಳನ್ನು ಕತ್ತರಿಸಿ ಟಿಪ್ಪಣಿ ಪುಸ್ತಕ ಮಾಡಿಕೊಂಡು, ಹೊಸ ಹಾಳೆಯ ಎರಡೂ ಬದಿ ಮುದ್ರಿಸುವ ಡ್ಯೂಪ್ಲೆಕ್ಸ್ ಸೌಲಭ್ಯವನ್ನು ಬಳಸುವುದೇ ನಿಜವಾದ ಉಳಿತಾಯ.

ಟ್ರೇಯಲ್ಲಿ ಗರಿಷ್ಠ ಗುರುತಿನ ಗೆರೆಗಿಂತ ಹೆಚ್ಚು ತುಂಬುವುದು, ಅಂಚಿನ ಗೈಡುಗಳನ್ನು ಸಡಿಲ ಬಿಡುವುದು, ಉಳಿದ ಹಳೆಯ ಕಾಗದದ ಮೇಲೆ ಹೊಸದನ್ನು ಪೇರಿಸುವುದು ಇವೂ ಜಾಮ್‌ನ ಸಾಮಾನ್ಯ ಕಾರಣಗಳು. ಟ್ರೇಯಲ್ಲಿ ಲೀಗಲ್ ಅಳತೆಯ ಹಾಳೆ ಇಟ್ಟು ಕಂಪ್ಯೂಟರಿನಲ್ಲಿ ಎ4 ಎಂದೇ ಬಿಟ್ಟರೂ ಯಂತ್ರ ನಿಲ್ಲುತ್ತದೆ. 297 ಮಿ.ಮೀಗೆ ಮುಗಿಯಬೇಕಾದ ಹಾಳೆ 356 ಮಿ.ಮೀ ಬಂದರೆ ಸನ್ನೆಯ ಲೆಕ್ಕ ತಪ್ಪುತ್ತದೆ.

ಬೆಲೆಯುಳ್ಳ ಹಾಳೆಗೆ ಬೇರೆ ಬಾಗಿಲು

ಖಾಲಿ ಹಾಳೆ ಹರಿದರೆ ಇನ್ನೊಂದು ಹಾಳೆ ಇದೆ. ಇ-ಸ್ಟಾಂಪ್ ಕಾಗದ ಹಾಗಲ್ಲ. ಛಾಪಾ ಕಾಗದದ ಮೊತ್ತ ಮುದ್ರಿತವಾಗಿ ಬಂದ ಹಾಳೆಯ ಕೆಳಭಾಗದಲ್ಲಿ ಕರಾರಿನ ಒಕ್ಕಣೆಯನ್ನು ಪತ್ರ ಬರಹಗಾರರು ಮತ್ತೊಮ್ಮೆ ಪ್ರಿಂಟರ್‌ಗೆ ಕೊಟ್ಟು ಮುದ್ರಿಸುತ್ತಾರೆ. ಆಗ ಅದು ಮುದುಡಿದರೆ ಹೋಗುವುದು ಕಕ್ಷಿದಾರನ ಹಣ ಮತ್ತು ನೋಂದಣಿಗೆ ಗೊತ್ತುಮಾಡಿಕೊಂಡ ದಿನ. ಇಂಥ ಹಾಳೆಯನ್ನು ಟ್ರೇಗೆ ಹಾಕಕೂಡದು. ಮುಂಬದಿಯ ಒಂಟಿ ಹಾಳೆಯ ಬಾಯಿಯಿಂದ ಕೊಟ್ಟು, ಹಿಂಬದಿಯ ಬಾಗಿಲು ತೆರೆದಿಟ್ಟರೆ, ಆ ಸೌಲಭ್ಯವಿರುವ ಮಾದರಿಗಳಲ್ಲಿ ಹಾಳೆ ತಿರುವುಗಳಿಲ್ಲದೆ ನೇರವಾಗಿ ಹಿಂದಿನಿಂದ ಹೊರಬರುತ್ತದೆ. ತಿರುವು ಕಡಿಮೆಯಾದಷ್ಟೂ ಸಿಕ್ಕಿಕೊಳ್ಳುವ ಜಾಗ ಕಡಿಮೆ. ದಪ್ಪ ಕಾಗದವಾದರೆ ಕಂಪ್ಯೂಟರಿನ ಆಯ್ಕೆಯಲ್ಲಿ ಕಾಗದದ ಬಗೆಯನ್ನೂ ಬದಲಿಸಬೇಕು. ಮೊದಲು ಅದೇ ಅಳತೆಯ ಸಾದಾ ಹಾಳೆಯಲ್ಲಿ ಪ್ರಯೋಗ ಮುದ್ರಣ ಮಾಡಿ, ಬೆಳಕಿಗೆ ಹಿಡಿದು ಸಾಲು ಕೂಡುತ್ತದೆಯೇ ಎಂದು ನೋಡಿಕೊಳ್ಳುವ ಪತ್ರ ಬರಹಗಾರರು ಜಾಣರು.

ಕರೆಂಟ್ ಹೋದಾಗ

ಲೇಸರ್ ಪ್ರಿಂಟರ್‌ನ ಫ್ಯೂಸರ್ ಕಾಯುವಾಗ ಒಮ್ಮೆಲೇ ಹಲವು ನೂರು ವ್ಯಾಟ್ ಸೆಳೆಯುವುದರಿಂದ ಅದನ್ನು ಸಣ್ಣ ಯುಪಿಎಸ್‌ಗೆ ಜೋಡಿಸಬಾರದೆಂದು ತಯಾರಕರೇ ಹೇಳುತ್ತಾರೆ. ಪರಿಣಾಮವಾಗಿ ಬೆಸ್ಕಾಂ ವಿದ್ಯುತ್ ಕಡಿತವಾದಾಗ ಕಂಪ್ಯೂಟರ್ ಉರಿಯುತ್ತಿರುತ್ತದೆ, ಪ್ರಿಂಟರ್ ಮಾತ್ರ ಹಾಳೆಯನ್ನು ನುಂಗಿದ ಸ್ಥಿತಿಯಲ್ಲೇ ನಿಲ್ಲುತ್ತದೆ. ಆಗ ಕೂಡಲೇ ಮುಚ್ಚಳ ತೆಗೆದು ಎಳೆಯುವುದಕ್ಕಿಂತ ವಿದ್ಯುತ್ ಬರುವವರೆಗೆ ಕಾಯುವುದು ಲೇಸು. ಕೆಲವು ಯಂತ್ರಗಳು ಚಾಲೂ ಆದೊಡನೆ ಒಳಗಿನ ಹಾಳೆಯನ್ನು ತಾವೇ ಹೊರದೂಡುತ್ತವೆ. ಬಾರದಿದ್ದರೆ ಮೇಲಿನ ಕ್ರಮವಿದೆ. ವಿದ್ಯುತ್ ಬಂದು ಹೋಗಿ ಆಡುವ ಗುಡುಗು ಮಳೆಯ ಸಂಜೆಗಳಲ್ಲಿ ಪ್ರಿಂಟರ್‌ನ ಸ್ವಿಚ್ ಆರಿಸಿಡುವುದು ಜಾಣತನ.

ಯಾವಾಗ ತಂತ್ರಜ್ಞರನ್ನು ಕರೆಯಬೇಕು

ವಾರಕ್ಕೊಮ್ಮೆ ಎಲ್ಲೋ ಒಂದು ಹಾಳೆ ಸಿಕ್ಕಿಕೊಳ್ಳುವುದು ರೋಗವಲ್ಲ. ಒಂದೇ ಜಾಗದಲ್ಲಿ ಮತ್ತೆ ಮತ್ತೆ ಸಿಕ್ಕಿಕೊಂಡರೆ ಅದು ಸವೆದ ಭಾಗದ ಗುರುತು. ಕಾಗದ ಬದಲಿಸಿ, ರೋಲರ್ ಒರೆಸಿದ ಮೇಲೂ ಹಾಳೆ ಟ್ರೇಯಿಂದಲೇ ಏಳದಿದ್ದರೆ ಪಿಕಪ್ ರೋಲರ್ ಬದಲಿಸುವ ಕಾಲ ಬಂದಿದೆ. ಎರಡೆರಡು ಹಾಳೆ ಒಟ್ಟಿಗೆ ಬರುತ್ತಿದ್ದರೆ ಸಪರೇಶನ್ ಪ್ಯಾಡ್. ಇವೆರಡೂ ಫ್ಯೂಸರ್‌ಗೆ ಹೋಲಿಸಿದರೆ ಅಗ್ಗದ ಭಾಗಗಳು, ಬದಲಿಸುವುದೂ ಸುಲಭ. ಪ್ರಿಂಟರ್ ಹಳೆಯದಾಯಿತೆಂದು ಹೊಸದಕ್ಕೆ ಪ್ರಸ್ತಾವ ಬರೆಯುವ ಮುನ್ನ ಇವನ್ನು ಬದಲಿಸಿ ನೋಡದಿರುವುದು ಸಾರ್ವಜನಿಕ ಹಣದ ವ್ಯರ್ಥವೇ ಸರಿ. ಹಾಳೆ ಫ್ಯೂಸರ್‌ನಲ್ಲಿ ಪದೇ ಪದೇ ಬೀಸಣಿಗೆಯಾಗುತ್ತಿದ್ದರೆ, ಬೆರಳಾಡಿಸಿದಾಗ ಅಕ್ಷರ ಅಳಿಸುತ್ತಿದ್ದರೆ, ಕರಕರ ಸದ್ದು ಕೇಳಿಸುತ್ತಿದ್ದರೆ ಸ್ವತಃ ಕೈ ಹಾಕುವುದು ಬೇಡ.

ವಾರ್ಷಿಕ ನಿರ್ವಹಣೆಯ ಒಪ್ಪಂದವಿರುವ ಕಚೇರಿಗಳಲ್ಲಿ ದೂರು ನೀಡುವಾಗ ‘ಪ್ರಿಂಟರ್ ಕೆಟ್ಟಿದೆ’ ಎಂದಷ್ಟೇ ಹೇಳಿದರೆ ತಂತ್ರಜ್ಞ ಬರಿಗೈಯಲ್ಲಿ ಬಂದು, ನೋಡಿ, ಭಾಗ ತರಲು ಮತ್ತೆ ದಾವಣಗೆರೆಗೆ ಹೋಗುತ್ತಾನೆ. ಒಂದು ವಾರ ಕಳೆಯುತ್ತದೆ. ಪ್ರಿಂಟರ್ ಪಕ್ಕದಲ್ಲೊಂದು ಸಣ್ಣ ಪುಸ್ತಕ ಇಟ್ಟು ಪ್ರತಿ ಜಾಮ್‌ನ ದಿನಾಂಕ, ಹಾಳೆ ನಿಂತ ಜಾಗ, ಬಳಸಿದ ಕಾಗದ, ಪರದೆಯಲ್ಲಿ ಕಂಡ ಸೂಚನೆ ಇಷ್ಟನ್ನು ಬರೆದಿಟ್ಟರೆ ಆ ಒಂದು ಓಡಾಟ ತಪ್ಪುತ್ತದೆ. ಎಚ್‌ಪಿ ಯಂತ್ರಗಳಲ್ಲಿ 13ರಿಂದ ಆರಂಭವಾಗುವ ಸಂಖ್ಯೆಗಳು ಪೇಪರ್ ಜಾಮ್‌ನವು. ಚುಕ್ಕಿಯ ನಂತರದ ಅಂಕಿಗಳು ಹಾಳೆ ಹಾದಿಯ ಯಾವ ಭಾಗದಲ್ಲಿ ನಿಂತಿದೆ ಎಂಬುದನ್ನು ಹೇಳುತ್ತವೆ. ಬ್ರದರ್ ಯಂತ್ರಗಳು ಟ್ರೇಯಲ್ಲೋ ಒಳಗೋ ಹಿಂಬದಿಯಲ್ಲೋ ಎಂಬುದನ್ನು ಮಾತಿನಲ್ಲೇ ತೋರಿಸುತ್ತವೆ. ಪರದೆಯೇ ಇಲ್ಲದ ಅಗ್ಗದ ಮಾದರಿಗಳಲ್ಲಿ ಯಾವ ದೀಪ ಎಷ್ಟು ಬಾರಿ ಮಿನುಗಿತು ಎಂಬುದನ್ನೇ ಬರೆದುಕೊಳ್ಳಬೇಕು. ಫೋನಿನಲ್ಲಿ ಆ ಲೆಕ್ಕ ಕೇಳಿದ ತಂತ್ರಜ್ಞ ಬೇಕಾದ ಭಾಗವನ್ನು ಚೀಲದಲ್ಲಿಟ್ಟುಕೊಂಡೇ ಬಸ್ಸು ಹತ್ತಬಹುದು.